ಮುಚ್ಚಿದ ಬೋಗುಣಿ

ಕಾದ ಹಂಚಿನ ಮೇಲೆ ಜೋಳದ ಮೊದಲ ರೊಟ್ಟಿ ತುಸು ಸೀದು ವಾಸನೆ ಬಂದರೆ ಮಾಣಿಕಬಾಯಿಗೆ ಇಂದಿಗೂ ಗಡಹಿಂಗ್ಲಜದ ತವರುಮನೆ ನೆನಪಾಗುತ್ತಿತ್ತು. ಆ ರೊಟ್ಟಿ ಓಣಿಯ ನಾಯಿಯ ಪಾಲು. ಅದನ್ನು ಹಾಕದೆ ಅವ್ವ ಯಾರಿಗೂ ಉಣಬಡಿಸುತ್ತಿರಲಿಲ್ಲ.

ಅದೇ ರೂಢಿಯಲ್ಲಿ ಇಚಲಕರಂಜಿಯ ಮನೆಯಲ್ಲಿ ಅವಳು ವಾಘ್ಯಾನನ್ನು ಸಾಕಿದ್ದಳು. ಮಗ ಪದ್ಮಕುಮಾರ ಮಗ್ಗದ ಶೆಡ್ಡು ಕಾಯಲೆಂದು ತಂದ ರಾಟ್‌ವೀಲರ್ ಜಾತಿಯ ದೊಡ್ಡ ನಾಯಿ ಅದು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು, ನಾಯಿಯದೂ. ಹಾಲು, ರೊಟ್ಟಿ, ಬೇಳೆಯ ಕಟ್ಟು. ವರ್ಷದೊಳಗೆ ಅದರ ಪಕ್ಕೆಲುಬು ಎಣಿಸುವಂತಾಯಿತು. ಒಂದು ದಿನ ಸರಪಳಿ ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ಪಾರುಬಾಯಿಯ ಎರಡು ಕೋಳಿ ತಿಂದಿತು.

"ಬಾಯಿಗೆ ರಕ್ತದ ರುಚಿ ಹತ್ತೇತಿ ಅವ್ವಾ. ನಾಳೆ ಮಕ್ಕಳಿಗೆ ಬಾಯಿ ಹಾಕಿದ್ರ?" ಎಂದ ಪದ್ಮಕುಮಾರ. ಯಡ್ರಾವದ ಪ್ರಾಣಿಗಳ ಆಶ್ರಯಕ್ಕೆ ಅದನ್ನು ಬಿಟ್ಟು ಬಂದ. ಅವಳು ತಡೆಯಲಿಲ್ಲ.

ಎಂಟು ತಿಂಗಳ ಮೇಲೆ ಆಶ್ರಯ ನಡೆಸುವ ಸಾರಿಕಾ ಫೋನು ಮಾಡಿದಳು. "ಉಣ್ಣೂದು ಬಿಟ್ಟೇತ್ರಿ ಆಯಿ. ಒಮ್ಮೆ ಬಂದು ನೋಡಿ ಹೋಗ್ರಿ."

ಮಾಣಿಕಬಾಯಿ ಹೋದಾಗ ತಗಡಿನ ಗೂಡಿನಲ್ಲಿ ವಾಘ್ಯಾ ಗೋಡೆಗೆ ಮುಖ ಮಾಡಿ ಬಿದ್ದಿತ್ತು. ಮೊಣಕಾಲಿನ ಕೂದಲು ಉದುರಿ ಚರ್ಮ ಒಡೆದಿತ್ತು. ಪಕ್ಕದ ಗೂಡನ್ನು ತೊಳೆದು ಖಾಲಿ ಬಿಟ್ಟಿದ್ದರು.

"ಅಲ್ಲಿದ್ದದ್ದು?"

"ಅದೂ ಇದರ ಜಾತೀದ. ಸೋಮವಾರ ಸತ್ತೋತ್ರಿ. ಎರಡು ವರ್ಷ ಒಬ್ಬರೂ ಕೇಳಲಿಲ್ಲ. ಬಂದವರಿಗೆಲ್ಲ ಬಿಳೇ ಜೂಲಿನ ಸಣ್ಣ ನಾಯಿ ಬೇಕು. ಇದರ ಜಾತಿ ಹೆಸರು ಹೇಳಿದ್ರ ಗೇಟಿನಿಂದನ ತಿರುಗತಾರ. ಮ್ಯಾಲೆ ಕೋಳಿ ತಿಂದದ್ದನ್ನ ನಾ ಮುಚ್ಚಿಡೂದಿಲ್ರಿ."

"ರೊಟ್ಟಿಗೆ ಕಡಿಮಿ ಮಾಡಿರಲಿಲ್ಲವಾ ನಾ. ನಮ್ಮ ತವರಾಗ ನಾಯಿ ರೊಟ್ಟಿ ಮ್ಯಾಲನ ಬದುಕಿತ್ತು."

"ಅದನ್ನ ಕಟ್ಟಿ ಹಾಕ್ತಿದ್ರೇನ್ರಿ ಆಯಿ?" ಸಾರಿಕಾ ಮೆಲ್ಲಗೆ ಕೇಳಿದಳು.

"ಎಲ್ಲೀದು. ಊರೆಲ್ಲಾ ತಿರಗತಿತ್ತು."

ಹೇಳುತ್ತಲೇ ಮಾಣಿಕಬಾಯಿಗೆ ಹೊಳೆಯಿತು. ಓಣಿಯ ನಾಯಿ ರೊಟ್ಟಿ ತಿಂದು ಹೋಗಿ, ಉಳಿದದ್ದನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ವಾಘ್ಯಾನ ಕೊರಳಿಗೆ ಸರಪಳಿಯಿತ್ತು. ವ್ರತ ಅವಳದು, ಹಸಿವು ಅದರದು.

"ಗಾಡ್ಯಾಗ ಹಾಕವಾ. ಒಯ್ತೇನಿ."

"ಬದುಕತೇತಿ ಅಂತ ಹೇಳಾಕ ಆಗೂದಿಲ್ರಿ."

"ಇಲ್ಲಿ ಗ್ವಾಡಿ ನೋಡಕೋತ ಸಾಯೂದು ಬ್ಯಾಡ."

ಮನೆಯಲ್ಲಿ ಪದ್ಮಕುಮಾರ ದನಿ ಏರಿಸಿದ. "ದಿನಾ ಮೊಟ್ಟಿ, ಮಾಂಸ ಬೇಕಂತ ಆಶ್ರಯದ ಡಾಕ್ಟರ ಬರದಾರ. ಈ ಮನ್ಯಾಗ ಬೇಯಿಸಾವ್ರು ಯಾರು?"

"ನನ್ನ ಕೈಲೆ ಆಗೂದಿಲ್ಲಪಾ. ಖರೇ, ಅದನ್ನ ಉಪಾಸ ಕೆಡವಿದ್ದು ಹಿಂಸಾ ಅಲ್ಲೇನು?"

ಅವನು ಎದ್ದು ಹೋಗಿ, ಮಕ್ಕಳು ದಾಟದಂತೆ ಹಿತ್ತಲಿಗೆ ಜಾಳಿಗೆಯ ಬಾಗಿಲು ಕಟ್ಟಿದ. ವಾಘ್ಯಾ ಹಾಲನ್ನು ಮೂಸಿ ತಲೆ ತಿರುಗಿಸಿತು.

"ಕೋಳಿ ತಿಂದ ಸಾಹೇಬ್ರು ಬಂದ್ರೇನ್ರಿ?" ಗೋಡೆಯಾಚೆಯಿಂದ ಪಾರುಬಾಯಿಯ ಚುಚ್ಚುಮಾತು ಕೇಳಿತು. ಮಾಣಿಕಬಾಯಿ ತಲೆ ತಗ್ಗಿಸಿದಳು. ಪಾರುಬಾಯಿ ಗೋಡೆಗೆ ಆತು ಬಗ್ಗಿ ಬಹಳ ಹೊತ್ತು ಆ ನಾಯಿಯನ್ನು ನೋಡಿದಳು. ಹಾಗೇ ಒಳಗೆ ಹೋದಳು.

ಹೊತ್ತು ಮುಳುಗಿತು. ಮನೆಯವರ ಊಟವಾಗಿತ್ತು. ಪಾರುಬಾಯಿ ಮತ್ತೆ ಗೋಡೆಯ ಬಳಿ ಬಂದಳು. ಕೈಯಲ್ಲಿ ತಾಟು ಮುಚ್ಚಿದ ಬೋಗುಣಿ.

"ಅನ್ನದಾಗ ಎರಡು ಮೊಟ್ಟಿ ಕಲಸೇನ್ರಿ. ನೀವು ಮುಟ್ಟಬ್ಯಾಡ್ರಿ, ನಾನ ಆ ಕಡೆ ಬಂದು ಇಡತೇನಿ."

ಮಾಣಿಕಬಾಯಿ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದಳು.

ಪಾರುಬಾಯಿ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಸರಿದಿದ್ದ ತಾಟನ್ನು ಸರಿಯಾಗಿ ಮುಚ್ಚಿ, ಬೋಗುಣಿಯನ್ನು ಆ ಕೈಗಳಲ್ಲಿಟ್ಟಳು.