ಗುಡ್ಡದ ಬಸ್ಸಿಗೆ ಒಂದು ಕೈ

ಕಬ್ಬಿಣದಣ್ಣ ಒಳಗೆ ಬಂದಾಗ ಅವಳು ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಯಾರದೋ ಕೋಟಿನ ತೋಳಿಗೆ ಗುರುತು ಹಾಕುತ್ತಿದ್ದಳು. "ಬನ್ನಿ" ಎನ್ನಲೂ ಆಗಲಿಲ್ಲ. ಅವನೂ ಕರೆಯಲಿ ಎಂದು ಕಾಯುವ ಆಸಾಮಿಯಲ್ಲ. ಗಿರಾಕಿಗಳ ಕುರ್ಚಿ ಎಳೆದುಕೊಂಡು ಕೂತ. ಪೇಟೆ ಬೀದಿಯ ದೊಡ್ಡ ಕಬ್ಬಿಣದ ವ್ಯಾಪಾರಿ. ಅವಳ ಹೊಲಿಗೆ ಅಂಗಡಿ ಇದ್ದದ್ದೂ ಅವನ ಕಟ್ಟಡದಲ್ಲೇ.

"ನಾಳೆ ಮೀಟಿಂಗು ಎಷ್ಟೊತ್ತಿಗೆ ತಂಗೀ?" ಗೊತ್ತಿದ್ದೇ ಕೇಳಿದ.

ಅವಳು ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡಳು. "ಬೆಳಗ್ಗೇನೇ ಅಣ್ಣಾ."

ಅವಳನ್ನು ನಗರಸಭೆಗೆ ಕಳಿಸಿದವನು ಅವನೇ. ವಾರ್ಡಿನ ಎರಡು ಗುಂಪುಗಳು ಒಂದರ ಮುಖ ಒಂದು ನೋಡದಂತಾಗಿದ್ದಾಗ, ಯಾರ ಗೊಡವೆಗೂ ಹೋಗದ ಹೆಂಗಸು ಎಂದು ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದ. ಅಂದಿನಿಂದ ಹತ್ತು ಜನ ಕೈ ಎತ್ತಿದ ಕಡೆ ಅವಳದೂ ಒಂದು ಕೈ. ಈ ಸಲ ಮಾತ್ರ ಅದು ನಡೆಯುವಂತಿರಲಿಲ್ಲ. ಗುಡ್ಡದ ಬಡಾವಣೆಯ ಬಸ್ಸು ಖರ್ಚು ಹುಟ್ಟುವುದಿಲ್ಲವೆಂದು ನಿಂತುಹೋಗಿ ವರ್ಷವಾಗಿತ್ತು. ಪೇಟೆ ಬೀದಿಯಲ್ಲಿ ಕಾರು ನಿಲ್ಲಿಸುವವರಿಂದ ಶುಲ್ಕ ಎತ್ತಿ, ಆ ಹಣದಲ್ಲಿ ಬಸ್ಸನ್ನು ಮತ್ತೆ ಓಡಿಸಬೇಕೆಂದು ಹೊಸ ಯೋಜನೆ ಬಂದಿತ್ತು. ಸದಸ್ಯರು ಸರಿಯಾಗಿ ಅರ್ಧರ್ಧ ಒಡೆದಿದ್ದರು. ನಡುವೆ ಅವಳೊಬ್ಬಳು.

"ಬಸ್ಸು ಬೇಡ ಅಂತ ನಾನ್ಯಾಕೆ ಅನ್ಲಿ? ಗುಡ್ಡದವರೂ ಮನುಷ್ಯರೇ. ಆದ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದು ಅವರಿಗೆ ಬಸ್ಸಾ? ಗಾಡಿ ನಿಲ್ಸೋಕೂ ದುಡ್ಡು ಅಂದ್ರೆ ಯಾವ ಗಿರಾಕಿ ಈ ಕಡೆ ತಲೆ ಹಾಕ್ತಾನೆ ಹೇಳು."

ಅವಳು ತಲೆಯಾಡಿಸಿದಳು. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಎದ್ದ. ಬಾಗಿಲವರೆಗೆ ಹೋಗಿ ತಿರುಗಿದ.

"ನಿನ್ನ ಮಗಳು ಸ್ಕೂಲಿಂದ ಒಬ್ಳೇ ನಡ್ಕೊಂಡು ಬರ್ತಾಳಲ್ಲ, ನಿನ್ನೆ ನೋಡ್ದೆ. ಜಾಣೆ. ರಸ್ತೆ ದಾಟುವಾಗ ಎರಡೂ ಕಡೆ ನೋಡ್ತಾಳೆ. ಆದ್ರೂ ಹುಷಾರಮ್ಮಾ, ಕಾಲ ಸರಿಯಿಲ್ಲ."

ಸೋದರಮಾವ ಹೇಳಿದ ಹಾಗೇ ಹೇಳಿದ. ಕೇಳಿಸಿಕೊಂಡವರು ಒಂದಕ್ಷರ ತಪ್ಪು ಹುಡುಕಲಾರರು. ಮುಷ್ಟಿ ಬಿಗಿಹಿಡಿದು ಅಂಗೈಗೆ ಪಿನ್ನು ಚುಚ್ಚಿದ್ದು ಅವನು ಹೋದ ಮೇಲೆಯೇ ಅವಳಿಗೆ ಗೊತ್ತಾಯಿತು.

ಒಳಗೆ ಗುಂಡಿ ಹಚ್ಚುತ್ತ ಕೂತಿದ್ದ ಹೆಂಗಸು ದಾರ ಕಡಿದಳು. ಅಂಗಡಿಯಲ್ಲಿ ಎಲ್ಲರೂ ಅವಳನ್ನು ಗುಂಡಿಯಮ್ಮ ಎನ್ನುತ್ತಿದ್ದರು. ದಿನಾ ಗುಡ್ಡ ಇಳಿದು ಬಂದು, ಗುಡ್ಡ ಹತ್ತಿ ಹೋಗುವವಳು.

"ಅಕ್ಕಾ, ನಾಳೆ ನೀವು ಬಸ್ಸಿಗೆ ಕೈ ಎತ್ತಬೇಡಿ."

"ನೀನು ಹೇಳೋ ಮಾತಾ ಇದು?"

"ನಂಗೆ ನಡೆದು ಅಭ್ಯಾಸ ಆಗಿದೆ."

"ನಿಮ್ಮತ್ತೆ?"

"ಅವರು ಬಸ್ಸು ನಿಂತಾಗಿಂದ ಕೆಳಗೆ ಇಳಿದೇ ಇಲ್ಲ. ಅವರಿಗೂ ಅಭ್ಯಾಸ ಆಗಿದೆ." ಗುಂಡಿಯಮ್ಮ ನಗಲು ನೋಡಿದಳು. "ಬಸ್ಸಿಗಿಂತ ನಿಮ್ಮ ಮಗು ದೊಡ್ಡದು ಅಕ್ಕಾ."

ಮನೆಯಲ್ಲಿ ಗಂಡ ಲೇತ್ ಕೆಲಸದ ಎಣ್ಣೆಜಿಡ್ಡನ್ನು ಕೈಯಿಂದ ಉಜ್ಜಿ ತೊಳೆಯುತ್ತಿದ್ದ. "ರೀ, ನಾಳೆ ಅರ್ಧ ದಿನ ರಜಾ ಹಾಕಿ ಮಗಳನ್ನ ಕರ್ಕೊಂಡು ಬನ್ನಿ" ಎಂದಳು.

"ಯಾಕೆ?"

"ಸುಮ್ನೆ."

ಅವನು ನಲ್ಲಿ ನಿಲ್ಲಿಸಿ ಅವಳನ್ನೇ ನೋಡಿದ. "ಬಸ್ಸು ಬೇಡ ಅಂದುಬಿಡು. ನಮಗ್ಯಾಕೆ ಊರ ಉಸಾಬರಿ?"

"ಬೇಡ ಅಂತಾನೇ ಅನ್ನೋದು."

ಅದು ನಿಜವಾಗಿತ್ತು. ಮರುದಿನ ಸಭೆಯಲ್ಲಿ ಎಂಜಿನಿಯರು ಗೋಡೆಯ ಮೇಲೆ ನಕ್ಷೆ ತೋರಿಸಿ, ಯಾವ ರಸ್ತೆಯಿಂದ ಎಷ್ಟು ಹುಟ್ಟುತ್ತದೆ, ಗುಡ್ಡಕ್ಕೆ ಎಷ್ಟು ಬೇಕು ಎಂದು ವಿವರಿಸುವಾಗಲೂ ಅವಳ ತೀರ್ಮಾನ ಅಲುಗಿರಲಿಲ್ಲ. ಸಾರ್ವಜನಿಕರ ಸಾಲಿನಲ್ಲಿ ಮುಂದೆಯೇ ಕಬ್ಬಿಣದಣ್ಣ ಕೂತಿದ್ದ.

"ವಿರೋಧ ಇರೋರು ಕೈ ಎತ್ತಿ" ಎಂದರು ಅಧ್ಯಕ್ಷರು.

ಕೈಗಳು ಎದ್ದವು. ಅವಳು ಅವನ ಕಡೆ ನೋಡಿದಳು. ಅವನು ಮುಗುಳ್ನಗುತ್ತ, ತೊಡೆಯ ಮೇಲಿದ್ದ ತನ್ನ ಬೆರಳನ್ನು ಚೂರೇ ಮೇಲೆತ್ತಿ ತೋರಿಸಿದ. ಮಗುವಿಗೆ ತುತ್ತು ಕೊಡುವಾಗ ತಾಯಿ ತಾನೇ ಬಾಯಿ ತೆರೆದು ತೋರಿಸುವ ಹಾಗೆ. ಅವಳ ಕೈ ಮಡಿಲಲ್ಲಿ ಕಲ್ಲಿನಂತೆ ಬಿದ್ದುಕೊಂಡಿತ್ತು. ಎತ್ತು, ಎತ್ತು ಎಂದು ಅವಳೇ ಒಳಗೊಳಗೆ ಹೇಳಿಕೊಂಡಳು. ಏಳಲಿಲ್ಲ. ಅಧ್ಯಕ್ಷರು ಕನ್ನಡಕದ ಮೇಲಿಂದ ಅವಳನ್ನು ನೋಡಿ ತುಸು ಹೊತ್ತು ಕಾದರು.

"ಆಯ್ತು. ಪರವಾಗಿ ಇರೋರು?"

ಆಗ ಎದ್ದಿತು. ತೋಳಿಗೆ ಅಂಟಿದ್ದ ಒಂದೆಳೆ ಬಿಳಿ ದಾರದೊಂದಿಗೆ, ಬೇರೆ ಯಾರದೋ ಕೈ ಎಂಬಂತೆ, ಅವಳ ಕಣ್ಣೆದುರೇ ಮೇಲೆ ನಿಂತಿತು.

ಯೋಜನೆ ಒಂದೇ ಮತದಿಂದ ಗೆದ್ದಿತು. ಹಿಂದಿನ ಸಾಲಿನ ಗುಡ್ಡದವರು ಮೊದಲು ನಂಬಲೇ ಇಲ್ಲ, ಆಮೇಲೆ ಗದ್ದಲವೆದ್ದಿತು. ಪಕ್ಕದ ಸದಸ್ಯ ಬಗ್ಗಿ, "ಪರವಾಗಿಲ್ವೇ, ಗುಂಡಿಗೆ ಇದೆ ನಿಮಗೆ" ಎಂದ. ಅವಳು ತೋಳಿನ ದಾರವನ್ನು ಕಿತ್ತು ಬೆರಳಿಗೆ ಸುತ್ತಿಕೊಂಡಳು. ಕಬ್ಬಿಣದಣ್ಣ ಕೂಗಾಡಲಿಲ್ಲ. ಪಕ್ಕದವರಿಗೆ ದಾರಿ ಬಿಡಿ ಎಂದು ಮೆಲ್ಲಗೆ ಹೇಳಿ ಹೊರಗೆ ಹೋದ. ಕೂಗಾಡಿದ್ದರೆ ಎಷ್ಟೋ ವಾಸಿ ಎನಿಸಿತು.

ಅಂಗಡಿಗೆ ಹೋಗಲು ಧೈರ್ಯವಾಗಲಿಲ್ಲ. ಶಾಲೆ ಬಿಡುವ ಹೊತ್ತಾಗಿತ್ತು, ನೆಟ್ಟಗೆ ಅಲ್ಲಿಗೆ ನಡೆದಳು. ಗೇಟಿನ ಹತ್ತಿರ ಗಂಡ ನಿಂತಿದ್ದ. ಅವಳ ಮುಖ ನೋಡಿದೊಡನೆ ಅವನಿಗೆ ತಿಳಿಯಿತು. ಮಗಳನ್ನು ನಡುವೆ ಬಿಟ್ಟುಕೊಂಡು ಮೂವರೂ ಮನೆ ಕಡೆ ಹೊರಟರು. ದಿನಾ ಮಾತಾಡಿಸುತ್ತಿದ್ದ ಚಹದಂಗಡಿಯವನು ಅವರನ್ನು ಕಂಡು, ಒರೆಸಿಟ್ಟ ಗ್ಲಾಸನ್ನೇ ಮತ್ತೆ ಒರೆಸತೊಡಗಿದ. ತಿರುವಿನಲ್ಲಿ ಒಂದು ಬೈಕು ಅವರ ಹಿಂದೆಯೇ ನಿಧಾನವಾಯಿತು. ಗಂಡ ಮಗಳನ್ನು ಎಳೆದು ಗೋಡೆಗೆ ಒರಗಿಸಿ ಅಡ್ಡ ನಿಂತ. ಸವಾರ ಹೆಲ್ಮೆಟ್ಟು ಮೇಲೆತ್ತಿ ಅಂಚೆ ಕಚೇರಿ ಎಲ್ಲಿ ಎಂದು ಕೇಳಿದ. ಅವಳು ಕೈ ತೋರಿಸಿದಳು.

ಮನೆಗೆ ಬಂದು ಗಂಡ ಚಿಲಕ ಹಾಕಿದ. ಬಯ್ಯುತ್ತಾನೆಂದು ಅವಳು ಕಾದಳು. ಅವನು ಬೀದಿ ಬದಿಯ ಕೋಣೆಗೆ ಹೋಗಿ ಕಿಟಕಿಯ ಕೆಳಗಿದ್ದ ಮಗಳ ಮಂಚದ ಒಂದು ತುದಿ ಹಿಡಿದು, "ಆ ಕಡೆ ಎತ್ತು" ಎಂದ. ಇಬ್ಬರೂ ಅದನ್ನು ಒಳಗೋಡೆಯ ಬದಿಗೆ ಹೊತ್ತು ತಂದಿಟ್ಟರು.

"ಯಾಕಮ್ಮಾ ಇಲ್ಲಿಗೆ?" ಎಂದಳು ಮಗಳು.

"ಅಲ್ಲಿ ಗಾಳಿ ಜಾಸ್ತಿ."

ಮಗಳು ಮಲಗಿ ನೋಡಿದಳು. "ಇಲ್ಲಿಂದ ಏನೂ ಕಾಣಲ್ಲ."

ಮಂಚವಿದ್ದ ಜಾಗದಲ್ಲಿ ನೆಲದ ಬಣ್ಣವೇ ಬೇರೆಯಾಗಿತ್ತು. ಪೆನ್ಸಿಲ್ ತುಂಡು, ಧೂಳು, ಕಳೆದುಹೋಗಿದ್ದ ಒಂದು ಕಾಲುಚೀಲ. ಅವಳು ಪೊರಕೆ ತಂದು ಮೂಲೆಯಿಂದ ಗುಡಿಸತೊಡಗಿದಳು, ಕಿಟಕಿಗೆ ಬೆನ್ನು ಕೊಡದೆ.