ಬಾವಿಯಿಂದ ಎದ್ದು ಬಂದವರು

ಹೆದರಿಸುವ ಪುಸ್ತಕಗಳನ್ನಷ್ಟೇ ಬಾಡಿಗೆಗೆ ಕೊಡುತ್ತಿದ್ದ ಆ ಅಂಗಡಿಯವನನ್ನು ಗಿರಾಕಿಗಳು ಗುಮ್ಮಣ್ಣ ಅಂತಲೇ ಕರೆಯುತ್ತಿದ್ದರು. ಅವನಿಗೂ ಅದು ಯಾರೋ ಕರೆದು ಕೊಟ್ಟ ಬಿರುದಿನ ಹಾಗೆ ಹಿತವಾಗಿತ್ತು. ದೆವ್ವದ ಕಾದಂಬರಿ, ತಲೆಬುಡವಿಲ್ಲದ ವಿಚಿತ್ರ ಕಥೆ, ಜಪಾನಿನವರು ಮಾಂಗಾ ಅನ್ನುವ ಚಿತ್ರಕಥೆ, ಯಾವುದನ್ನೂ ತಾನು ಓದದೆ ಕಪಾಟಿಗೆ ಏರಿಸಿದವನಲ್ಲ. ಬಾಗಿಲಲ್ಲಿ ನಿಂತವರ ಮುಖ ನೋಡಿ, ನಿಮಗೆ ಇದೇ ಸರಿ ಅಂತ ಒಂದು ಪುಸ್ತಕ ಎಳೆದುಕೊಡುವುದರಲ್ಲೇ ಅವನ ಹೆಚ್ಚುಗಾರಿಕೆಯೆಲ್ಲ ಇತ್ತು. ಓದಿದವರು ಮುಖ ಬಿಳಿಚಿಕೊಂಡು ವಾಪಸು ಬಂದರೆ ಅವತ್ತೆಲ್ಲ ಅವನ ಕಾಲು ನೆಲದ ಮೇಲಿರುತ್ತಿರಲಿಲ್ಲ.

ಹೀಗಿರುವಾಗ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ. ಮೂಳೆ ಕೂಡುವ ತನಕ ಅಂಗಡಿಯಲ್ಲಿ ಅವನ ಅಕ್ಕ ಕೂತಳು. ಅಕ್ಕನೋ, ಹಲ್ಲಿ ಕಂಡರೆ ಕುರ್ಚಿ ಹತ್ತುವವಳು. ಧೂಳು ಹೊಡೆದುಕೊಂಡಿದ್ದರೆ ಸಾಕು ಅಂದುಕೊಂಡಿದ್ದ. ಊರುಗೋಲು ಹಿಡಿದು ಮರಳಿ ಬಂದು ನೋಡಿದರೆ, ಬಂದವರೆಲ್ಲ ಇವನನ್ನು ದಾಟಿ ಒಳಗೆ ಇಣುಕಿ, ಅಕ್ಕ ಇಲ್ವಾ ಅನ್ನುವವರೇ. ಇವನು ಆರಿಸಿ ಕೊಟ್ಟದ್ದನ್ನು ಮುಲಾಜಿಗೆ ಹಿಡಿದುಕೊಂಡು, ಅಕ್ಕನ್ನ ಒಂದು ಮಾತು ಕೇಳಿ ತಗೋತೀವಿ ಅನ್ನುತ್ತಿದ್ದರು. ಅವಳು ಕೊಟ್ಟ ಮಾಂಗಾ ಓದಿದರೆ ಮನಸ್ಸು ಹಗುರಾಗುತ್ತದಂತೆ. ಹಗುರ ಅನ್ನುವ ಮಾತು ಕೇಳಿ ಗುಮ್ಮಣ್ಣನ ಮೈಯೆಲ್ಲ ಉರಿದುಹೋಯಿತು. ತನ್ನನ್ನು ಕೇಳುವವರೇ ಇಲ್ಲದಿದ್ದರೆ ತಾನು ಬರೀ ಕಪಾಟು ಕಾಯುವವನು.

ಒಂದು ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಿದ್ದಾಗ ಕಪಾಟಿನ ಹಿಂದೆ ನಿಂತು ಕಿವಿಗೊಟ್ಟ. ಅಕ್ಕ ಬಸ್ ಡ್ರೈವರಿಗೆ ಒಂದು ಬಾವಿಯ ಮಾಂಗಾ ತೋರಿಸುತ್ತಿದ್ದಳು. ಡ್ರೈವರ್ ಹೆಂಡತಿಯನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮೊದಲಿಗೆ ಮನೆಮಂದಿಯೆಲ್ಲ ಬಾವಿಯೊಳಗೇ ಇರ್ತಾರೆ, ಅಂದಳು ಅಕ್ಕ. ಆಮೇಲೆ ಒಬ್ಬೊಬ್ಬರೇ ಎದ್ದು ಬರ್ತಾರೆ, ಒದ್ದೆ ಕೂದಲು ಒಣಗುತ್ತೆ, ತಾಯಿ ಮಗಳಿಗೆ ಜಡೆ ಹಾಕ್ತಾಳೆ, ಕೊನೇ ಪುಟದಲ್ಲಿ ಎಲ್ಲರೂ ಮನೆ ಬಾಗಿಲಲ್ಲಿ ನಗ್ತಾ ನಿಂತಿರ್ತಾರೆ. ಮಾತು ಸ್ವಲ್ಪ ಹಿಂದುಮುಂದಾಗಿದೆ. ಸತ್ತವರ ಮಾತಲ್ವಾ, ಹೊಂದಿಸ್ಕೊಂಡು ಓದ್ಕೊಳ್ಳಿ.

ಗುಮ್ಮಣ್ಣ ಊರುಗೋಲು ಮರೆತು ಕುಂಟುತ್ತಾ ಈಚೆ ಬಂದ. ಮಾಂಗಾ ಬಲದಿಂದ ಎಡಕ್ಕೆ ಓದುವ ಪುಸ್ತಕ, ನಾವು ಕೊನೆ ಅನ್ನುವ ಪುಟವೇ ಅದರ ಶುರು ಅಂತ ಇಬ್ಬರಿಗೂ ಪಾಠ ಮಾಡಿದ. ನಗುತ್ತಾ ಹೊಸ ಮನೆಗೆ ಬರುತ್ತಾರೆ, ಒಬ್ಬೊಬ್ಬರಾಗಿ ಬಾವಿಪಾಲಾಗುತ್ತಾರೆ, ಇಷ್ಟೇ ಕಥೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಪುಸ್ತಕವನ್ನು ಆ ಕಡೆಯಿಂದ ತಿರುವಿ ಹಾಕಿದಳು. ಈಗ ನಾಚಿಕೊಳ್ಳುತ್ತಾಳೆ ಅಂತ ಇವನು ಕಾದ. ಅವಳು ಪುಸ್ತಕ ಮುಚ್ಚಿ, ತಮ್ಮನ ಮುಖವನ್ನೇ ಮರುಕದಿಂದ ನೋಡಿದಳು.

"ಇಷ್ಟು ವರ್ಷ ನೀನು ಇದನ್ನೇ ಓದ್ತಾ ಕೂತಿದ್ಯೇನೋ? ನನಗೊಂದು ಮಾತು ಹೇಳಬಾರದಿತ್ತಾ."

ಡ್ರೈವರ್ ಇಬ್ಬರನ್ನೂ ನೋಡಿದ. "ಹಾಗಾದ್ರೆ ನಿಜವಾದ ಕೊನೆ ಯಾವುದು, ಗುಮ್ಮಣ್ಣ?"

ಅಂತೂ ಒಬ್ಬ ಗಿರಾಕಿ ತನ್ನನ್ನೇ ಕೇಳಿದ್ದ. "ಬಾವಿ," ಅಂದ ಗುಮ್ಮಣ್ಣ, ಎದೆ ಉಬ್ಬಿಸಿ.

"ಆ ಕೊನೆ ನಮ್ಮನೇಲೇ ಆಗಿಹೋಗಿದೆ," ಅಂದ ಡ್ರೈವರ್. "ಅದಕ್ಕೆ ಪುಸ್ತಕ ಯಾಕೆ ಬೇಕು ಹೇಳಿ."

ಅಕ್ಕನ ಕೈಯಿಂದ ಪುಸ್ತಕ ತೆಗೆದುಕೊಂಡು ಬೆಂಚಿನ ಮೇಲೆ ಕೂತ ಡ್ರೈವರ್, ಅದನ್ನು ತಪ್ಪು ಕಡೆಯಿಂದಲೇ ತೆರೆದ. ತಿದ್ದುವ ಮಾತು ಗುಮ್ಮಣ್ಣನ ನಾಲಿಗೆ ತುದಿಯವರೆಗೂ ಬಂತು, ನುಂಗಿಕೊಂಡ. ಡ್ರೈವರ್ ಒಂದೊಂದೇ ಪುಟ ಸರಿಸುತ್ತಾ, ಬಾವಿಯ ಕತ್ತಲೆಯ ಚಿತ್ರಕ್ಕೆ ಮುಖ ಹತ್ತಿರ ತಂದು ಏನೋ ಹುಡುಕಿದ.

"ಜಡೆ ಹಾಕೋ ಆಯಮ್ಮ ಯಾವಾಗ ಮೇಲೆ ಬರ್ತಾಳೆ?" ತಲೆ ಎತ್ತದೆ ಕೇಳಿದ.

ಅಕ್ಕ ಬಾಯಿ ತೆರೆಯುವ ಮೊದಲೇ, ಆ ಪುಸ್ತಕ ಬಾಯಿಪಾಠವಾಗಿದ್ದ ಗುಮ್ಮಣ್ಣ ಮನಸ್ಸಿನಲ್ಲೇ ಹಿಂದಿನಿಂದ ಪುಟ ಮಗುಚಿದ.

"ಇನ್ನೆರಡು ಪುಟ," ಅಂದ. "ಅವಸರ ಮಾಡಬೇಡಿ."