ಒಂದೇ ಪೋರ್ಟಿನ ಅತ್ತಿಗೆ ನಾದಿನಿ

ಗುಬ್ಬಿಯ ಅಮ್ಮನೂ, ಅಪ್ಪನ ತಂಗಿಯಾದ ಅತ್ತೆಯೂ ಮಾತು ಬಿಟ್ಟು ಒಂದಿಡೀ ಬೇಸಿಗೆ ಕಳೆದಿತ್ತು. ಕಾರಣ ಕೇಳಿದವರಿಗೆ ನಗು ಬರಬೇಕು. ಅಮ್ಮ ಮಾಡಿದ ಪೋಸ್ಟರನ್ನು ಗಿರಾಕಿಯೊಬ್ಬ ಹೊಗಳುತ್ತಿದ್ದಾಗ ಅತ್ತೆ ಪಕ್ಕದಿಂದ, "ಹಸಿರು ಸ್ವಲ್ಪ ಜಾಸ್ತಿಯಾಯ್ತೇನೋ" ಎಂದಿದ್ದಳು. ಅಷ್ಟೇ.

ಅಪ್ಪನ ಮುದ್ರಣಾಲಯದ ಒಂದೇ ಕೋಣೆಯಲ್ಲಿ, ಒಂದೇ ಉದ್ದ ಮೇಜಿನ ಎರಡು ತುದಿಗಳಲ್ಲಿ ಇಬ್ಬರೂ ಕೂರುತ್ತಿದ್ದರು. ಅಮ್ಮನದು ಪುಟವಿನ್ಯಾಸ, ಅತ್ತೆಯದು ಆರ್ಡರು, ಬಿಲ್ಲು. ಮೌನವೂ ಅದರದೇ ಕಟ್ಟುಪಾಡಿನಲ್ಲಿ ಸುಸೂತ್ರವಾಗಿ ನಡೆಯುತ್ತಿತ್ತು. ಸೆಕೆಯಾದರೆ ಅಮ್ಮ ಫ್ಯಾನಿಗೆ ಹೇಳುತ್ತಿದ್ದಳು: "ಯಾರಾದ್ರೂ ಕಿಟಕಿ ತೆಗೆದ್ರೆ ಚೆನ್ನಾಗಿತ್ತು." ಅತ್ತೆ ಎದ್ದು ಕಿಟಕಿ ತೆಗೆದು, ಹೊರಗಿನ ರಸ್ತೆಗೆ ಉತ್ತರ ಕೊಡುತ್ತಿದ್ದಳು: "ಕೈ ಇದ್ದೋರು ತಾವೇ ತೆಗೀಬಹುದಿತ್ತು." ಮಾತಿಲ್ಲದ ಮನೆ ಬರಿದಾಗಿರುತ್ತದೆ ಎಂದುಕೊಂಡಿದ್ದ ಗುಬ್ಬಿಗೆ, ಇದು ಮಡಚಿಟ್ಟ ಬಟ್ಟೆ ತುಂಬಿ ಬಾಗಿಲು ಹಾಕಲಾಗದ ಕಪಾಟಿನಂತೆ ಕಾಣುತ್ತಿತ್ತು.

ಆಗ ಪರೀಕ್ಷಾ ಮಂಡಳಿಯಿಂದ ಪ್ರಶ್ನೆಪತ್ರಿಕೆ ಅಚ್ಚುಹಾಕುವ ಕೆಲಸ ಬರುವ ಹಾಗಾಯಿತು. ಸಿಕ್ಕರೆ ಯಂತ್ರಗಳಿಗೆ ವರ್ಷವಿಡೀ ಬಿಡುವಿಲ್ಲ. ಷರತ್ತು ಎರಡೇ. ಪ್ರಶ್ನೆಪತ್ರಿಕೆ ಇರುವ ಕಂಪ್ಯೂಟರು ಉಳಿದ ಕಂಪ್ಯೂಟರುಗಳ ಕಣ್ಣಿಗೆ ಬೀಳಬಾರದು. ಗುರುತಿಲ್ಲದವರು ಗೋಡೆಯ ಸಾಕೆಟ್ಟಿಗೆ ತಂತಿ ಚುಚ್ಚಿದರೆ ಏನೂ ಸಿಗಬಾರದು.

"ಹೊರಗಿನೋರು ಯಾಕೆ? ನಮ್ಮ ಗುಬ್ಬಿ ಇದನ್ನೇ ಕಲಿತು ಬಂದಿದಾಳೆ" ಎಂದ ಅಪ್ಪ, ಊರಿಗೆಲ್ಲ ಸಾರಿಬಿಟ್ಟ. ಅವಳು ಒಬ್ಬಳೇ ಮಾಡುವ ಮೊದಲ ಕೆಲಸ ಅದು. ಮಂಡಳಿಯ ಅಧಿಕಾರಿ ಒಪ್ಪದಿದ್ದರೆ ಕೆಲಸವೂ ಹೋದೀತು, ಅಪ್ಪನ ಮುಂದೆ ಅವಳ ಮರ್ಯಾದೆಯೂ ಹೋದೀತು.

ಗುಬ್ಬಿ ಹಜಾರದ ಗೂಡಿನಲ್ಲಿ ಹೊಸ ಸ್ವಿಚ್ ಕೂರಿಸಿದಳು.

"ಸ್ವಿಚ್ಚು ಅಂತೀಯ, ಒತ್ತೋಕೆ ಒಂದು ಗುಂಡಿನೂ ಇಲ್ಲ" ಎಂದ ಅಪ್ಪ.

"ಇದು ದೀಪದ್ದಲ್ಲಪ್ಪ. ಎಲ್ಲಾ ಕಂಪ್ಯೂಟರ್ ತಂತಿನೂ ಇಲ್ಲಿಗೇ ಬರತ್ತೆ. ಒಂದೊಂದು ತೂತಿಗೂ ಪೋರ್ಟ್ ಅಂತಾರೆ. ಯಾರು ಬಂದ್ರೂ ಮೊದಲು ಹೆಸರು, ಪಾಸ್‌ವರ್ಡ್ ಕೇಳತ್ತೆ. ಅಮ್ಮ ಅಂದ್ರೆ ವಿನ್ಯಾಸದ ಕೋಣೆಗೆ ಕಳಿಸತ್ತೆ, ಅತ್ತೆ ಅಂದ್ರೆ ಬಿಲ್ಲಿನ ಕೋಣೆಗೆ. ಕಣ್ಣಿಗೆ ಕಾಣದ ಕೋಣೆಗಳು. ಅವಕ್ಕೆ ವಿಲ್ಯಾನ್ ಅಂತ ಹೆಸರು."

"ಮುಖ ನೋಡಿ ಮಣೆ ಹಾಕತ್ತೆ ಅನ್ನು."

"ಹಾಗೇ. ಒಂದು ಪೋರ್ಟಿಗೆ ಒಬ್ಬರೇ. ಎರಡನೆಯವರು ನುಸುಳಿದ್ರೆ ಬಾಗಿಲೇ ಮುಚ್ಕೊಳ್ಳತ್ತೆ."

ತಂತಿಗಳ ಲೆಕ್ಕವನ್ನು ಅವಳು ಮೊದಲೇ ಕೇಳಿಕೊಂಡಿದ್ದಳು. ಅಮ್ಮ "ನಂದೊಂದು" ಎಂದಿದ್ದಳು. ಅತ್ತೆಯೂ "ನಂದೊಂದು" ಎಂದಿದ್ದಳು. ಅಮ್ಮನದು ಏಳನೇ ಪೋರ್ಟು, ಅತ್ತೆಯದು ಎಂಟು ಎಂದು ಗುಬ್ಬಿ ಯೋಜನೆ ಬರೆದಳು. ಎಂಟರ ದೀಪ ಹೊತ್ತಲೇ ಇಲ್ಲ. ಅತ್ತೆ ಇನ್ನೂ ಕಂಪ್ಯೂಟರ್ ಹಾಕಿರಲಿಕ್ಕಿಲ್ಲ ಎಂದುಕೊಂಡಳು.

ಅಧಿಕಾರಿ ಬರುವ ದಿನ ಬೆಳಿಗ್ಗೆ ಅಮ್ಮ ಹೆಸರು ಕೊಟ್ಟು ಒಳಗೆ ಹೋದಳು. ಎಲ್ಲ ಸರಿಯಿತ್ತು. ಅತ್ತೆ ಬಂದು ತನ್ನದನ್ನು ಹಾಕಿದ್ದೇ ತಡ, ಇಬ್ಬರದೂ ನಿಂತುಹೋಯಿತು. ಗುಬ್ಬಿ ಹಜಾರಕ್ಕೆ ಓಡಿ ಏಳನೇ ಪೋರ್ಟನ್ನು ಮತ್ತೆ ತೆರೆದಳು. ಅದು ಮತ್ತೆ ಮುಚ್ಚಿಕೊಂಡಿತು.

"ಕೆಲವರು ಬಂದ್ರೆ ಸಾಕು, ನಡೀತಿದ್ದದ್ದೂ ನಿಲ್ಲತ್ತೆ" ಎಂದು ಅಮ್ಮ ಫ್ಯಾನಿಗೆ ಹೇಳಿದಳು.

"ಹಸಿರು ಜಾಸ್ತಿಯಾಗಿ ಯಂತ್ರಕ್ಕೂ ಅಜೀರ್ಣ" ಎಂದು ಅತ್ತೆ ಕಿಟಕಿಗೆ ಹೇಳಿದಳು.

ಏಳರಲ್ಲಿ ಎರಡನೇ ಕಂಪ್ಯೂಟರ್ ಕಂಡಿತೆಂದು ಗುಬ್ಬಿಯ ಲ್ಯಾಪ್‌ಟಾಪಿನಲ್ಲಿ ಸ್ವಿಚ್ ಹೇಳುತ್ತಿತ್ತು. ಗುಬ್ಬಿ ಮೇಜಿನ ಕೆಳಗೆ ತೂರಿದಳು. ಹಳೆಯ ರಟ್ಟುಗಳ ಹಿಂದೆ ಅಂಗೈ ಅಗಲದ ಪೆಟ್ಟಿಗೆಯೊಂದು ಮಿಣುಕುತ್ತಿತ್ತು. ಗೋಡೆಯಿಂದ ಬಂದ ಒಂದೇ ತಂತಿ ಅದರಲ್ಲಿ ಎರಡಾಗಿ ಮೇಜಿನ ಎರಡೂ ತುದಿಗೆ ಹೋಗಿತ್ತು.

"ಇದನ್ನ ಯಾಕೆ ಹೇಳಲಿಲ್ಲ?" ಅವಳು ಕೆಳಗಿನಿಂದಲೇ ಕೇಳಿದಳು.

"ಅವಳು ಹೇಳಿರ್ತಾಳೆ ಅಂದ್ಕೊಂಡೆ."

"ಅತ್ತಿಗೆ ಹೇಳಿರ್ತಾರೆ ಅಂದ್ಕೊಂಡೆ."

ಗುಬ್ಬಿ ಮೇಜಿಗೆ ತಲೆ ತಗುಲಿಸಿಕೊಂಡು ಎದ್ದಳು. ಒಂದು ಪೋರ್ಟಿಗೆ ಒಬ್ಬರೇ ಎಂಬ ಕಟ್ಟು ಸಡಿಲಿಸಲು ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬದಲಿಸಿದರೆ ಸಾಕು. ಸಡಿಲಿಸಿದರೆ ಅಮ್ಮನ ಹೆಸರಿಗೆ ತೆರೆದ ಬಾಗಿಲಲ್ಲಿ ಆ ಪೆಟ್ಟಿಗೆಗೆ ಚುಚ್ಚಿಕೊಂಡವರೆಲ್ಲ ಒಳಗೆ ಬರುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಬೆರಳು ಆ ಸಾಲಿನವರೆಗೂ ಹೋಯಿತು. ಗೊತ್ತಾಗದಂತೆ ಉಳಿದದ್ದೇ ಈ ಕೋಣೆಯಲ್ಲಿ ಬೇಕಾದಷ್ಟಿದೆ ಅನ್ನಿಸಿ ಕೈ ತೆಗೆದಳು.

"ಇನ್ನೊಂದು ತಂತಿ ಎಳೆಯೋ ತನಕ ಒಬ್ಬೊಬ್ಬರೇ. ಒಬ್ಬರು ಲಾಗ್ ಔಟ್ ಮಾಡಿದ ಮೇಲೆ ಇನ್ನೊಬ್ಬರು."

"ಆಯ್ತು. ನಂದು ಮುಗಿದ ಮೇಲೆ ನಿಂಗೆ ಹೇಳ್ತೀನಿ. ನೀನು ಆಕಡೆ ಹೇಳು" ಎಂದಳು ಅಮ್ಮ.

"ನಾನು ಅಂಚೆಯವಳಲ್ಲಮ್ಮ."

ಅಧಿಕಾರಿ ಬಂದ. ಸಣಕಲು ಮನುಷ್ಯ, ಬಗಲಲ್ಲಿ ತನ್ನದೇ ಲ್ಯಾಪ್‌ಟಾಪು. ಅಪ್ಪನ ಕೋಣೆಯ ಸಾಕೆಟ್ಟಿಗೆ ತಂತಿ ಚುಚ್ಚಿದ. ಏನೂ ಸಿಗಲಿಲ್ಲ. ಉಡುಗೊರೆ ಸಿಕ್ಕಿದವನಂತೆ ಖುಷಿಪಟ್ಟ. ಆಮೇಲೆ ಉದ್ದ ಮೇಜಿನ ಕೋಣೆಗೆ ಬಂದು ಅಮ್ಮ ತೋರಿಸಿದ ಮಾದರಿ ಪುಟ ನೋಡಿ ತಲೆಯಾಡಿಸಿದ. ಅತ್ತೆಯ ಕಡೆ ತಿರುಗಿ, "ನಮ್ಮ ಆರ್ಡರ್ ಹೇಗೆ ದಾಖಲಾಗತ್ತೆ, ತೋರಿಸ್ತೀರಾ?" ಎಂದ.

ಅತ್ತೆಯ ಬೆರಳು ಗುಂಡಿಯ ಮೇಲೆ ನಿಂತಿತು. ಅಮ್ಮ ಹೊರಬರದೆ ಒತ್ತಿದರೆ ಇಬ್ಬರದೂ ಹೋಗುತ್ತದೆ. ಅಮ್ಮ ಫ್ಯಾನಿನ ಕಡೆ ನೋಡಿದಳು. "ಯಾರಾದ್ರೂ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಬಾಗಿಲಲ್ಲಿ ನಿಂತ ಗುಬ್ಬಿ ತುಟಿ ಕಚ್ಚಿಕೊಂಡಳು. ಎಂದಿನ ಮೌನವೇ, ಆದರೆ ಈಗ ಅದಕ್ಕೆ ಕೂರಲು ಜಾಗವಿರಲಿಲ್ಲ.

ಅಮ್ಮ ಲಾಗ್ ಔಟ್ ಒತ್ತಿ, ಮೇಜಿನ ಆ ತುದಿಗೆ ನೇರ ನೋಡಿದಳು.

"ನಂದಾಯ್ತು. ನೀನು ಹಾಕ್ಕೋ."

"ಪೂರ್ತಿ ಆಚೆ ಬಂದ್ರಾ, ಅತ್ತಿಗೆ?"

"ಬಂದೆ."

"ನಿಜವಾಗ್ಲೂ?"

"ಬಂದೆ ಅಂದ್ನಲ್ಲೇ, ಹಾಕ್ಕೋ."

ಅತ್ತೆಯ ಪರದೆಯ ಮೇಲೆ ಆರ್ಡರಿನ ಪುಟ ತೆರೆದುಕೊಂಡಿತು. ಅಧಿಕಾರಿಗೆ ಬೆರಗು. "ಒಬ್ಬರು ಆಚೆ ಬಂದು ಬಾಯಿಬಿಟ್ಟು ಹೇಳೋ ತನಕ ಇನ್ನೊಬ್ಬರು ಒಳಗೆ ಹೋಗಲ್ಲ. ಒಳ್ಳೇ ಪದ್ಧತಿ. ಇಂಥದ್ದು ನಮ್ಮಲ್ಲೂ ಇಲ್ಲ."

ಅಪ್ಪನ ಎದೆ ಉಬ್ಬಿತು. ಹೌದೆನ್ನಲು ಬಾಯಿ ತೆರೆದಿದ್ದ.

"ಪದ್ಧತಿ ಅಲ್ಲ ಸರ್. ಬಗ್ಗಿ ನೋಡಿ" ಎಂದು ಗುಬ್ಬಿ ರಟ್ಟು ಸರಿಸಿದಳು.

ಅಧಿಕಾರಿ ಪೆಟ್ಟಿಗೆಯನ್ನು ನೋಡಿ, ಮೊಣಕಾಲಿನ ಧೂಳು ಕೊಡವಿಕೊಂಡು ಎದ್ದ. "ಇದು ತೆಗೆದು, ಬೇರೆ ತಂತಿ ಬಂದ ಮೇಲೇ ನನ್ನ ಸಹಿ. ಇವತ್ತಾಗತ್ತಾ?"

"ಆಗತ್ತೆ."

"ನಾಲ್ಕರ ತನಕ ಪಕ್ಕದ ಬೀದಿಯ ಕಚೇರೀಲಿರ್ತೀನಿ. ಫೋನ್ ಮಾಡಿ."

ಅವನು ಮೆಟ್ಟಿಲಿಳಿದ ಮೇಲೆ ಅಪ್ಪ ಮಗಳ ಕಡೆ ಕಣ್ಣು ಬಿಟ್ಟ. "ಸುಮ್ನಿದ್ದಿದ್ರೆ ಕೆಲಸ ಕೈಗೇ ಬಂದಿತ್ತಲ್ಲೇ."

"ನಮ್ಮನೇಲಿ ಸುಮ್ನಿದ್ದೇ ಇಷ್ಟೆಲ್ಲ ಆಗಿದ್ದಪ್ಪ. ಡ್ರಿಲ್ ಎಲ್ಲಿಟ್ಟಿದೀಯ?"

ಹಜಾರದಿಂದ ಹೊಸ ತಂತಿ ತರಲು ಗೋಡೆಗೆ ತೂತು ಬೇಕಿತ್ತು. ಎಲ್ಲಿ ಎಂಬುದು ಪ್ರಶ್ನೆಯಾಯಿತು.

"ಕಪಾಟಿನ ಪಕ್ಕ ಕೊರೀರಿ" ಎಂದಳು ಅಮ್ಮ.

"ಅಲ್ಲಿ ನನ್ನ ಕಾಲಿಗೆ ಸಿಗತ್ತೆ, ಅತ್ತಿಗೆ."

"ನಿನ್ನ ಕಾಲೇನು ಗೋಡೆ ಹತ್ತತ್ತಾ?"

"ನಿಮ್ಮ ಕಪಾಟು ಒಂದು ಗೇಣು ಸರಿದ್ರೆ ಗಂಟೇನು ಹೋಗತ್ತೆ?"

"ಅದರೊಳಗಿರೋದು ಇಳಿಸೋರು ಯಾರು, ನೀನಾ?"

"ನಾನೇ ಇಳಿಸ್ತೀನಿ ಬನ್ನಿ. ಒಂದೊಂದು ಆರ್ಡರಿಗೆ ಹತ್ತತ್ತು ಮಾದರಿ ಹಾಳೆ ಇಟ್ಕೊಂಡಿದೀರ. ನಂಗೇನು ಗೊತ್ತಿಲ್ವಾ?"

ಅಪ್ಪ ಡ್ರಿಲ್ ಹಿಡಿದು ಇಬ್ಬರ ನಡುವೆ ನಿಂತಿದ್ದ. ಎಡಕ್ಕೆ ಇಟ್ಟರೆ ಒಬ್ಬಳು ಬೇಡ ಎನ್ನುತ್ತಿದ್ದಳು, ಬಲಕ್ಕೆ ಇಟ್ಟರೆ ಇನ್ನೊಬ್ಬಳು. ಹಜಾರದಲ್ಲಿ ಕಾಲು ಚಾಚಿ ಕೂತ ಗುಬ್ಬಿ, ಎಂಟನೇ ಪೋರ್ಟಿನ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಎಲ್ಲ ಸರಿಯಿತ್ತು. ಆದರೂ ಇನ್ನೊಮ್ಮೆ ಓದಿದಳು. ಒಳಗಿನ ಸದ್ದು ಕೇಳಲು ಒಂದು ನೆಪ ಬೇಕಿತ್ತು.

ಪೆಟ್ಟಿಗೆ ಕಿತ್ತು ಹೊಸ ತಂತಿ ಎಳೆದದ್ದಾಯಿತು. ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಎಂಟರ ದೀಪ ಹೊತ್ತಿತು. ಅತ್ತೆಯ ಹೆಸರು ಬಂದು ಬಿಲ್ಲಿನ ಕೋಣೆಯಲ್ಲಿ ಕೂತಿತು. ಅಮ್ಮನದು ವಿನ್ಯಾಸದ ಕೋಣೆಯಲ್ಲೇ ಇತ್ತು. ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಗುಬ್ಬಿ ಅಧಿಕಾರಿಗೆ ಫೋನ್ ಮಾಡಿದಳು.

"ಏನಮ್ಮ ಅದು ಹಿಂದೆ ಗಲಾಟೆ? ಏನಾದ್ರೂ ಕೆಟ್ಟಿದ್ಯಾ?" ಎಂದು ಅವನು ಕೇಳಿದ.

"ಇಲ್ಲ ಸರ್, ಈಗ ಸರಿಯಾಗಿದೆ" ಎಂದಳು ಗುಬ್ಬಿ. "ಬನ್ನಿ."